ಮೂಲೆಯಲ್ಲಿ ಸುತ್ತಿದ ಫ್ಯಾನ್: ಗ್ರಾಫಿಕ್ಸ್ ಲ್ಯಾಬ್‌ನ ಐದು ವಾರಗಳು

ಕಳೆದ ವರ್ಷದವರೆಗೆ ನಮ್ಮ ಗ್ರಾಫಿಕ್ಸ್ ಲ್ಯಾಬ್ ಸಿ++ ಭಾಷೆ ಮತ್ತು ಚಿತ್ರಕ್ಕೆ ಪರದೆಯ ಮೇಲೆ ಕಿಟಕಿ ತೆರೆದುಕೊಡುವ ಗ್ಲಟ್ ಎಂಬ ಲೈಬ್ರರಿಯಿಂದ (ಸಿದ್ಧ ಕೋಡ್‌ನ ಸಂಗ್ರಹ) ಆರಂಭವಾಗುತ್ತಿತ್ತು. ಮೊದಲ ಎರಡು ತರಗತಿಗಳು ಲೈಬ್ರರಿಗಳನ್ನು ಲಿಂಕ್ ಮಾಡುವುದರಲ್ಲೇ ಮುಗಿದುಹೋಗುತ್ತಿದ್ದವು. ಅಷ್ಟು ಶ್ರಮಪಟ್ಟು ಕಲಿಸುತ್ತಿದ್ದ ಜಿಎಲ್‌ಬಿಗಿನ್, ಜಿಎಲ್‌ಎಂಡ್ ಆಜ್ಞೆಗಳ ನಡುವೆ ಬಿಂದುಗಳನ್ನು ಕೊಟ್ಟು ಚಿತ್ರ ಬರೆಯುವ ವಿಧಾನವನ್ನೋ, ಗ್ರಾಫಿಕ್ಸ್ ಮಾನದಂಡವಾದ ಓಪನ್‌ಜಿಎಲ್ 2008ರಲ್ಲಿ, ತನ್ನ 3.0 ಆವೃತ್ತಿಯಲ್ಲೇ, ಕೈಬಿಡಬೇಕಾದ ಪಟ್ಟಿಗೆ ಸೇರಿಸಿತ್ತು. ಹಾಗಾಗಿ ಈ ಸೆಮಿಸ್ಟರ್‌ನಿಂದ ಪಿ5.ಜೆಎಸ್ ಹಿಡಿದೆವು. 2001ರಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಆರಂಭಿಸಿದ ಪ್ರೊಸೆಸಿಂಗ್‌ನ (ಚಿತ್ರ ಬರೆಯುತ್ತಲೇ ಪ್ರೋಗ್ರಾಮಿಂಗ್ ಕಲಿಸುವ ಸಾಧನ) ಆಶಯವನ್ನು ಬ್ರೌಸರ್‌ಗೆ ತಂದ ಜಾವಾಸ್ಕ್ರಿಪ್ಟ್ ಲೈಬ್ರರಿ ಇದು.

ಮೊದಲೆರಡು ವಾರ: ಮೊದಲ ದಿನವೇ ಎಲ್ಲರ ಪರದೆಯ ಮೇಲೂ ಚಿತ್ರ ಮೂಡಿತು.

ಮೂರನೆಯ ವಾರ: ಮೂರು ರೆಕ್ಕೆಗಳ ಸೀಲಿಂಗ್ ಫ್ಯಾನ್ ಬರೆದು ತಿರುಗಿಸಲು ಹೇಳಿದ್ದೆ. "ಸರ್, ತೊಂಬತ್ತು ಕೊಟ್ಟರೂ ರೆಕ್ಕೆ ನೇರ ನಿಲ್ಲುತ್ತಿಲ್ಲ" ಎಂದು ಒಬ್ಬಳು ಕರೆದಳು. ಪಿ5 ಕೋನವನ್ನು ಡಿಗ್ರಿಯಲ್ಲಲ್ಲ, ರೇಡಿಯನ್‌ಗಳಲ್ಲಿ (ಒಂದು ರೇಡಿಯನ್ ಸುಮಾರು 57 ಡಿಗ್ರಿ) ಓದುವುದರಿಂದ, ಅವಳ 90 ಹದಿನಾಲ್ಕು ಪೂರ್ಣ ಸುತ್ತು ಮುಗಿಸಿ ಸುಮಾರು 117 ಡಿಗ್ರಿಯಲ್ಲಿ ನಿಂತಿತ್ತು. ಇನ್ನೂ ಹಲವರ ಫ್ಯಾನ್ 400 ಪಿಕ್ಸೆಲ್ ಚೌಕದ ನಡುವೆ ತಿರುಗುವ ಬದಲು ಎಡ ಮೇಲ್ಮೂಲೆಯನ್ನು ಸುತ್ತುತ್ತ, ಹೆಚ್ಚಿನ ಹೊತ್ತು ಪರದೆಯಾಚೆಗೇ ಇರುತ್ತಿತ್ತು. ರೊಟೇಟ್ (ತಿರುಗಿಸು) ಆಜ್ಞೆ ಮೊದಲು ಬರೆದು ಟ್ರಾನ್ಸ್‌ಲೇಟ್ (ಸರಿಸು) ಆಮೇಲೆ ಬರೆದದ್ದೇ ಇದಕ್ಕೆ ಕಾರಣ.

ಎರಡು ಸಾಲುಗಳನ್ನು ಅದಲುಬದಲು ಮಾಡಿಸಿ ಮುಂದೆ ಹೋಗುವುದು ಸುಲಭವಾಗಿತ್ತು. ಆದರೆ ಪಿ5ನಂಥ, ಒಳಗಿನ ಲೆಕ್ಕವನ್ನು ಮರೆಮಾಡುವ ಉನ್ನತ ಮಟ್ಟದ ಸಾಧನಗಳ ನಿಜವಾದ ಅಪಾಯ ಅಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಚಿತ್ರ ಸರಿಯಾದ ಕೂಡಲೇ ಪ್ರಶ್ನೆ ಸತ್ತುಹೋಗುತ್ತದೆ.

ನಾಲ್ಕನೆಯ ವಾರ: ಕಂಪ್ಯೂಟರ್ ಬಂದ್ ಮಾಡಿಸಿ ಗ್ರಾಫ್ ಹಾಳೆ ಕೊಟ್ಟೆ. x ದಿಕ್ಕಿನಲ್ಲಿ 200 ಸರಿಸಿ, ಬಳಿಕ 90 ಡಿಗ್ರಿ ತಿರುಗಿಸಿ ಎಂದು ಬರೆದರೆ ಫ್ಯಾನಿನ ಕೇಂದ್ರ (200, 0)ರಲ್ಲಿ ಉಳಿಯುತ್ತದೆ. ಕ್ರಮ ಬದಲಿಸಿದರೆ, ಅಕ್ಷಗಳೇ ಮೊದಲು ತಿರುಗಿರುವುದರಿಂದ, (0, 200)ಕ್ಕೆ ಹೋಗುತ್ತದೆ. ಈ ಎರಡು ಆಜ್ಞೆಗಳನ್ನು ಸಂಖ್ಯೆಗಳ ಕೋಷ್ಟಕವಾಗಿ ಬರೆದ 3×3 ಮ್ಯಾಟ್ರಿಕ್ಸ್‌ಗಳನ್ನು ಎರಡೂ ಕ್ರಮದಲ್ಲಿ ಕೈಯಾರೆ ಗುಣಿಸಿದ ಮೇಲೆ, ವಿವರಿಸಲು ನನಗೆ ಹೆಚ್ಚೇನೂ ಉಳಿದಿರಲಿಲ್ಲ.

ಐದನೆಯ ವಾರ: ಗೆಟ್‌ಟ್ರಾನ್ಸ್‌ಫಾರ್ಮ್ ಆಜ್ಞೆಯ ಮೂಲಕ ಕ್ಯಾನ್ವಾಸ್ (ಬ್ರೌಸರಿನಲ್ಲಿ ಚಿತ್ರ ಮೂಡುವ ಜಾಗ) ಬಳಸುತ್ತಿರುವ ಮ್ಯಾಟ್ರಿಕ್ಸಿನ ಆರು ಸಂಖ್ಯೆಗಳನ್ನು ಕನ್ಸೋಲಿನಲ್ಲಿ ಮುದ್ರಿಸಿ ಹಾಳೆಯ ಲೆಕ್ಕಕ್ಕೆ ಹೋಲಿಸಿದೆವು. ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಎಲ್ಲವೂ ಇಮ್ಮಡಿಯಾಗಿ ಬಂದವು. ಅದರ ಪರದೆಯ ಪಿಕ್ಸೆಲ್ ಸಾಂದ್ರತೆ 2 (ನಾವು ಬರೆದ ಒಂದು ಪಿಕ್ಸೆಲ್‌ಗೆ ಪ್ರತಿ ದಿಕ್ಕಿನಲ್ಲೂ ಪರದೆಯ ಎರಡು) ಆಗಿದ್ದು, ಪಿ5 ಸದ್ದಿಲ್ಲದೆ ಅಷ್ಟು ಹಿಗ್ಗಿಸುತ್ತಿತ್ತು. ಪಿಕ್ಸೆಲ್‌ಡೆನ್ಸಿಟಿಯನ್ನು 1ಕ್ಕೆ ಇಳಿಸಿದಾಗ ಲೆಕ್ಕ ತಾಳೆಯಾಯಿತು. ಹಾಗೆ ಇಳಿಸಬೇಕೆಂದು ಕಂಡುಹಿಡಿದವರು ವಿದ್ಯಾರ್ಥಿಗಳೇ.

ಮುಂದಿನ ವಾರ ಅದೇ ರೆಕ್ಕೆಯ ಅಂಚನ್ನು ಲೈನ್ ಆಜ್ಞೆಯಿಲ್ಲದೆ, ಗೆರೆಗೆ ಹತ್ತಿರದ ಪಿಕ್ಸೆಲ್ ಆರಿಸುವ ಬ್ರೆಸೆನ್‌ಹ್ಯಾಮ್ ವಿಧಾನದಲ್ಲಿ ಒಂದೊಂದೇ ಪಿಕ್ಸೆಲ್ ತುಂಬಿ ಎಳೆಯಲಿದ್ದೇವೆ.