ಪಕ್ಕದ್ಮನೆ ಕ್ಯಾಮರೋ

ಡೆಟ್ರಾಯಿಟ್ ಕಡೆ ಮನೆ ಮಾಡಿದ್ಮೇಲೆ ಹಳೇ ಮಸಲ್ ಕಾರ್ (ದೊಡ್ಡ ಇಂಜಿನ್ನಿನ ಜೋರು ಕಾರು) ಹುಚ್ಚಿಂದ ತಪ್ಪಿಸ್ಕೊಳ್ಳೋದು ಕಷ್ಟ ಬಿಡಿ. ಪಕ್ಕದ್ಮನೆ ಅಜ್ಜ ತಮ್ಮ 1969ರ ಷೆವರ್ಲೆ ಕ್ಯಾಮರೋದ ವಿ8 ಇಂಜಿನ್ ಪೂರ್ತಿ ಬಿಚ್ಚಿದಾರೆ, ವೀಕೆಂಡ್ ಬಂತು ಅಂದ್ರೆ ನಾನೂ ಅವರ ಗ್ಯಾರೇಜಲ್ಲೇ. ಸಿಲಿಂಡರ್ ಸವೆದಿತ್ತು ಅಂತ ಮಷಿನ್ ಶಾಪಲ್ಲಿ 0.030 ಇಂಚು ಬೋರ್ ಮಾಡ್ಸಿದಾರೆ, ಅಂದ್ರೆ ಒಳಗಿಂದ ಕೊರೆದು ಅಗಲ ಮಾಡ್ಸಿದಾರೆ, ಹಂಗಾಗಿ 350 ಕ್ಯೂಬಿಕ್ ಇಂಚಿನ ಇಂಜಿನ್ ಈಗ 355.

ಇವತ್ತು ಬೇರಿಂಗ್ ಗ್ಯಾಪ್ ನೋಡಿದ್ವಿ, ಅಂದ್ರೆ ಕ್ರ್ಯಾಂಕ್‌ಗೂ (ಪಿಸ್ಟನ್‌ಗಳು ತಿರುಗಿಸೋ ದಪ್ಪ ಶಾಫ್ಟ್) ಅದನ್ನ ಹಿಡಿದಿರೋ ಬೇರಿಂಗಿಗೂ ನಡುವಿನ ಸಂದು. ಕ್ರ್ಯಾಂಕ್ ಮೇಲೆ ಶಾವಿಗೆ ಎಳೆ ಥರ ಒಂದು ಮೆತ್ತನೆ ಪ್ಲಾಸ್ಟಿಕ್ ದಾರ ಇಟ್ಟು, ಬೇರಿಂಗ್ ಕ್ಯಾಪ್ ಕೂರಿಸಿ ಬೋಲ್ಟ್ ಅಳತೆ ಪ್ರಕಾರ ಬಿಗಿ ಮಾಡಿ, ಮತ್ತೆ ಬಿಚ್ಚಿ, ದಾರ ಎಷ್ಟು ಚಪ್ಪಟೆ ಆಗಿದೆ ಅಂತ ಅಳತೆ ಪಟ್ಟಿ ಹಿಡಿದು ನೋಡೋದು, ಅಗಲ ಜಾಸ್ತಿ ಇದ್ರೆ ಗ್ಯಾಪ್ ಕಮ್ಮಿ ಅಂತ ಅರ್ಥ, ಅಷ್ಟೇ, ಯಾವ ಸೆನ್ಸರೂ ಬೇಡ ಲ್ಯಾಪ್‌ಟಾಪೂ ಬೇಡ. ನನ್ನ ಕಾರಿನ ಬಾನೆಟ್ ಎತ್ತಿದ್ರೆ ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣಲ್ಲ, ಮೈಲೇಜ್ ಮಾತ್ರ ಈ ಕ್ಯಾಮರೋಗಿಂತ ಎಷ್ಟೋ ಪಾಲು ಮೇಲು ಅನ್ನೋದೂ ನಿಜಾನೇ!

ಇಂಜಿನ್ ಕೂರೋ ಜಾಗಕ್ಕೆ ಕಪ್ಪು, ಬ್ಲಾಕಿಗೆ ಷೆವಿ ಕಿತ್ತಳೆ, ಕಂಪ್ನಿಯಿಂದ ಬಂದಂಗೇ. ಕೆಲವ್ರು ಕೈಗೆ ಸಿಕ್ಕಿದ್ದಕ್ಕೆಲ್ಲ ಕ್ರೋಮ್ ಹಾಕ್ತಾರೆ, ನಂಗಂತೂ ಹಿಡಿಸಲ್ಲ.

ಮುಂದಿನ ವಾರ ಸ್ಟಾರ್ಟ್ ಮಾಡೋ ಪ್ಲ್ಯಾನ್. ಹಳೇ ಕಾಲದ ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್, ಟ್ಯಾಪೆಟ್‌ಗೆ ಉಜ್ಜಿಕೊಂಡೇ ತಿರುಗುತ್ತೆ) ಅಲ್ವಾ, ಝಿಂಕ್ ಜಾಸ್ತಿ ಇರೋ ಆಯಿಲ್ ಹಾಕಿ, ಸ್ಟಾರ್ಟ್ ಆದ ತಕ್ಷಣ ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಮೇಲೆ ಸುಮಾರು 20 ನಿಮಿಷ ಓಡಿಸ್ಬೇಕಂತೆ, ಇಲ್ಲಾಂದ್ರೆ ಹೊಸ ಕ್ಯಾಮೇ ಸವೆದೋಗುತ್ತೆ. ಅಕ್ಕಪಕ್ಕದವ್ರಿಗೆಲ್ಲ ಈಗ್ಲೇ ಹೇಳಿಟ್ಟಿದೀವಿ.