ಪೀಟರ್ ಟೇಗ್ಟ್‌ಗ್ರೆನ್ ಎಂಬ ಕಸುಬುದಾರ

ಬೆಳಗ್ಗಿನಿಂದ ಪೇನ್ ತಂಡದ ಹಾಡುಗಳ ಗುಂಗಿನಲ್ಲೇ ಇದ್ದೇನೆ. ತಂಡ ಎಂದು ಕರೆದರೂ ಅದರ ಜೀವಾಳ ಒಬ್ಬರೇ, ಸ್ವೀಡನ್ನಿನ ಪೀಟರ್ ಟೇಗ್ಟ್‌ಗ್ರೆನ್. ತೊಂಬತ್ತರ ದಶಕದ ಆರಂಭದಲ್ಲಿ ಅವರು ಹಿಪೋಕ್ರಸಿ ಎಂಬ ಡೆತ್ ಮೆಟಲ್ (ಗುಡುಗುವ ದನಿಯ, ಅಬ್ಬರದ ರಾಕ್ ಸಂಗೀತ) ತಂಡ ಕಟ್ಟಿದರು. ಅದು ಹೆಸರು ಮಾಡುತ್ತಿದ್ದಾಗಲೇ ಪೇನ್ ಶುರುವಾಯಿತು. 1997ರ ಮೊದಲ ಆಲ್ಬಮ್ಮಿನಲ್ಲಿ ಹಾಡುಗಾರಿಕೆ, ವಾದ್ಯ ಎಲ್ಲವೂ ಅವರದೇ. ಕೆಳಸ್ಥಾಯಿಯ ಗಿಟಾರ್ ಒರಟಾಗಿ ಉಜ್ಜಿಕೊಂಡು ಸಾಗುತ್ತದೆ, ಕೆಳಗೆ ಯಂತ್ರದಂತೆ ತಪ್ಪದ ತಾಳ, ಮೇಲೆ ಸಿಂಥಸೈಜರಿನ ತೆಳುವಾದ ರಾಗ. ಅಷ್ಟು ಗದ್ದಲದ ನಡುವೆಯೂ ಪಲ್ಲವಿ ನಾಲಿಗೆಯ ಮೇಲೆ ನಿಂತುಬಿಡುತ್ತದೆ!

ನನಗೆ ಇನ್ನೂ ಹೆಚ್ಚು ಗೌರವ ಇರುವುದು ಅವರ ಅಬಿಸ್ ಸ್ಟುಡಿಯೊ ಬಗ್ಗೆ. ಸ್ವೀಡನ್ನಿನ ಲುಡ್ವಿಕಾ ಊರಿನ ಸಮೀಪದ ಆ ಜಾಗಕ್ಕೆ ನಾರ್ವೆಯ ಡಿಮ್ಮು ಬೋರ್ಗಿರ್, ಇಮ್ಮಾರ್ಟಲ್ ತಂಡಗಳೂ ಬಂದು ಧ್ವನಿಮುದ್ರಣ ಮಾಡಿವೆ. ಡಿಮ್ಮು ಬೋರ್ಗಿರ್ ತಂಡದ 1997ರ ಆಲ್ಬಮ್ ಕೇಳಿ ನೋಡಿ. ಡ್ರಮ್ಸ್ ಎಷ್ಟೇ ಭೋರ್ಗರೆದರೂ ಕೀಬೋರ್ಡಿನ ಒಂದು ಸ್ವರವೂ ಮುಳುಗಿಲ್ಲ. ಹಾಡಿದವರನ್ನು ನಾವು ಮೆಚ್ಚುತ್ತೇವೆ, ಆ ದನಿಯನ್ನು ಹದಕ್ಕೆ ತಂದವರ ಹೆಸರನ್ನು ಹುಡುಕುವುದೇ ಇಲ್ಲ. ಇದು ನ್ಯಾಯವಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ.

ಮುಂದೆ ಪೀಟರ್, ಜರ್ಮನಿಯ ರಾಮ್‌ಸ್ಟೈನ್ ತಂಡದ ಗಾಯಕ ಟಿಲ್ ಲಿಂಡೆಮನ್ ಜೊತೆ ಸೇರಿ 2015 ಮತ್ತು 2019ರಲ್ಲಿ ಎರಡು ಆಲ್ಬಮ್ ತಂದರು. 2020ರಲ್ಲಿ ಆ ಜೋಡಿ ಬೇರೆಯಾಯಿತು. ಪೇನ್ ಮಾತ್ರ ನಿಲ್ಲಲಿಲ್ಲ. 2016ರ ಆಲ್ಬಮ್ಮಿನಲ್ಲಿ ಡ್ರಮ್ಸ್ ನುಡಿಸಿದವರು ಪೀಟರ್ ಅವರ ಮಗ. 2024ರಲ್ಲಿ ಮತ್ತೊಂದು ಬಂದಿದೆ. ಗಟ್ಟಿ ಸಂಗೀತ ಇಷ್ಟಪಡುವ ಗೆಳೆಯರೆಲ್ಲ ಅದನ್ನು ಕೇಳಲೇಬೇಕು, ಸಾಧ್ಯವಾದರೆ ಒಳ್ಳೆಯ ಹೆಡ್‌ಫೋನಿನಲ್ಲಿ.