ಅಪ್ಪನ ಚಾಕಲೇಟ್ ಬಾಟ್ಲಿ

2025 ಜನವರಿ 12, ರವಿವಾರ, ರಾತ್ರಿ 9.40
ಶಹಾಪುರ, ಬೆಳಗಾವಿ

ಇವತ್ತು ಮುಂಜಾನೆ ಅಪ್ಪ ಚಾಕಲೇಟ್ ಓಟ್ಸ್ ಅನ್ನು ಬಾಟ್ಲಿಯ ತಳದವರೆಗೂ ಚಮಚ ಆಡಿಸಿ ತಿಂದರು. ಅಂಚಿಗೆ ಹತ್ತಿದ್ದನ್ನೂ ಬಿಡಲಿಲ್ಲ. ಎಷ್ಟೋ ದಿನ ಆದ ಮೇಲೆ ಅವರು ಏನನ್ನಾದರೂ ಪೂರ್ತಿ ತಿಂದಿದ್ದನ್ನು ನೋಡಿದೆ. ಅದಕ್ಕೇ ಇವತ್ತು ಬರೆಯಲೇಬೇಕು ಅನ್ನಿಸಿತು.

ಡಿಸೆಂಬರ್ ಮೊದಲ ವಾರ ಅಪ್ಪನ ಹಲ್ಲು ತೆಗೆಸಿದೆವು. ಕೆಳಗಿನವು ಆರು, ಮೇಲಿನವು ನಾಲ್ಕು. ವಸಡು ಪೂರ್ತಿ ಮಾಗಿದ ಮೇಲೆ ಕಟ್ಟುವ ಹಲ್ಲಿನ ಅಳತೆ. ಅಲ್ಲಿಯವರೆಗೆ ರೊಟ್ಟಿ ಇಲ್ಲ, ಶೇಂಗಾ ಇಲ್ಲ, ಸೌತೆಕಾಯಿ ಹೋಳೂ ಇಲ್ಲ. ಮುಂಜಾನೆ ಚಹಾದಲ್ಲಿ ಎರಡು ಖಾರಿ ಬಿಸ್ಕತ್ತು ಅದ್ದಿಕೊಂಡು ತಿನ್ನೋರು. ಮಧ್ಯಾಹ್ನ ಮೆತ್ತಗಿನ ಅನ್ನ, ತಿಳಿಸಾರು. ರಾತ್ರಿ ಜೋಳದ ನುಚ್ಚು, ಮಜ್ಜಿಗೆ. ಅಷ್ಟೇ. ತಿಂಗಳು ಕಳೆಯುವಷ್ಟರಲ್ಲಿ ತೂಕ 61ರಿಂದ 58 ಕಿಲೋಗೆ ಇಳಿಯಿತು. ಅಂಗಿಯ ಕಾಲರ್ ಒಳಗೆ ಕುತ್ತಿಗೆ ಸಣ್ಣದಾಗಿ ಕಾಣತೊಡಗಿತು. ಅದನ್ನು ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟ.

ಡಾಕ್ಟರ್ ಪೇಟೆಯ ಪುಡಿ ಡಬ್ಬಿ ಏನೂ ಬರೆದುಕೊಡಲಿಲ್ಲ. ಊಟದಲ್ಲೇ ಪ್ರೊಟೀನ್ ಜಾಸ್ತಿ ಮಾಡಿ ಅಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. ವಯಸ್ಸಾದವರಿಗೆ ಸ್ನಾಯು ಬೇಗ ಕರಗುತ್ತದೆ, ಹಾಗಾಗಿ ಅಪ್ಪನಿಗೆ ಒಂದು ಗ್ರಾಂ ಅಂತ ಹಿಡೀರಿ ಅಂದರು. ಅಂದರೆ 58 ಗ್ರಾಂ. ಚಹಾ, ಖಾರಿ ಎರಡೂ ಸೇರಿ ನಾಲ್ಕು ಗ್ರಾಂ ಬಂದರೆ ಹೆಚ್ಚು. ನಮ್ಮ ಮನೆಯಲ್ಲಿ ತತ್ತಿ ಮಾಡೋದಿಲ್ಲ. ಬೇಳೆ ಕಂಡರೆ ಅಪ್ಪ ಈಗ ಮುಖ ತಿರುಗಿಸುತ್ತಾರೆ, ದಿನಾ ಅದೇ ಅಲ್ವಾ. ಸಕ್ಕರೆ ಕಾಯಿಲೆ ಇಲ್ಲ, ಅದೊಂದು ಪುಣ್ಯ. ಸಿಹಿ ಅಂದರೆ ಮಾತ್ರ ಇನ್ನೂ ಅವರ ಕಣ್ಣು ಅರಳುತ್ತದೆ.

ಪುಣೆಯಲ್ಲಿರುವ ಅಣ್ಣನ ಮಗಳು ದಿನಾ ಜಿಮ್‌ಗೆ ಹೋಗುತ್ತಾಳೆ. ಅವಳೇ ಫೋನಿನಲ್ಲಿ ಹೇಳಿದ್ದು. "ಅತ್ತೀ, ಅಜ್ಜಗ ಚಾಕಲೇಟ್ ಓಟ್ಸ್ ಮಾಡಿಕೊಡು. ರಾತ್ರಿ ಕಲಸಿ ಫ್ರಿಜ್ಜಿನ್ಯಾಗ ಇಟ್ಟಬಿಡು. ಮುಂಜಾನೆ ಕೇಕ್ ತಿಂದಂಗ ಇರ್ತೈತಿ."

ಬೇಯಿಸದೆ ಹಾಗೇ ತಿನ್ನೋದಾ ಅಂತ ನನಗೆ ಅನುಮಾನ. ಆಮೇಲೆ ಗೊತ್ತಾಯಿತು. ರೋಲ್ಡ್ ಓಟ್ಸ್ ಅಂದರೆ ಕಾಳನ್ನು ಹಬೆಯಲ್ಲಿ ಬೇಯಿಸಿ, ಒತ್ತಿ ಚಪ್ಪಟೆ ಮಾಡಿದ್ದು. ನಮ್ಮ ಅವಲಕ್ಕಿಯ ದಾರಿಯೇ. ಅವಲಕ್ಕಿ ನೆನೆಸಿ ತಿನ್ನೋದಿಲ್ವಾ, ಇದೂ ಹಾಗೆ. ಓಟ್ಸ್‌ನಲ್ಲಿ ಬೀಟಾ-ಗ್ಲೂಕಾನ್ ಎಂಬ ನಾರು ಇದೆ. ಅದು ರಾತ್ರಿಯಿಡೀ ಹಾಲು ಹೀರಿಕೊಂಡು ಗಟ್ಟಿ ಪಾಯಸದ ಹದಕ್ಕೆ ತರುತ್ತದೆ. ಇಡೀ ಕಾಳನ್ನು ಕತ್ತರಿಸಿದ ಸ್ಟೀಲ್ ಕಟ್ ಓಟ್ಸ್ ಬೇಡ, ಅಪ್ಪನ ವಸಡಿಗೆ ಅದು ಗಟ್ಟಿ.

ಇದು ಇವತ್ತಿನ ಹುಡುಗರ ಶೋಕಿಯೂ ಅಲ್ಲ. 1900ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಬಿರ್ಷರ್-ಬೆನ್ನರ್ ಎಂಬ ವೈದ್ಯರು ತಮ್ಮ ರೋಗಿಗಳಿಗೆ ಓಟ್ಸ್ ನೆನೆಸಿ, ಸೇಬು ತುರಿದು, ನಿಂಬೆರಸ ಮತ್ತು ಡಬ್ಬಿಯ ಗಟ್ಟಿ ಹಾಲು ಸೇರಿಸಿ ಕೊಡುತ್ತಿದ್ದರಂತೆ. ಮ್ಯೂಸ್ಲಿ ಶುರುವಾದದ್ದೇ ಅಲ್ಲಿ. ಮೊದಲು ರೋಗಿಗಳಿಗಾಗಿಯೇ ಮಾಡಿದ ತಿಂಡಿ ಅಂತ ಓದಿದಾಗ ನನಗೆ ಧೈರ್ಯ ಬಂತು.

ಮೊದಲ ಸಲ ಕೆಟ್ಟಿತು. ತಣ್ಣನೆಯ ಹಾಲಿಗೆ ಕೋಕೋ ಸುರಿದೆ. ಝುಣಕದ ಹಿಟ್ಟು ಗಂಟಾದ ಹಾಗೆ ಗಂಟು ಗಂಟು. ಮೊಸರು ಹುಳಿ, ಕೋಕೋ ಕಹಿ, ಎರಡೂ ಸೇರಿ ಬಾಯಿ ಜುಮ್ ಅನ್ನಿಸಿತು. ಮೇಲಿಂದ ನಾನು ತುಂಬಿದ್ದು ಹಳೆಯ ಉಪ್ಪಿನಕಾಯಿ ಬಾಟ್ಲಿಗೆ. ಗಾಜು ತೊಳೆದಿದ್ದೆ, ಮುಚ್ಚಳದೊಳಗಿನ ರಬ್ಬರ್ ಪಟ್ಟಿಯಲ್ಲಿ ಇಂಗಿನ ವಾಸನೆ ಹಾಗೇ ಇತ್ತು. ಅಪ್ಪ ಎರಡು ಚಮಚ ತಿಂದು ಕೆಳಗಿಟ್ಟರು.

"ಇದೇನಬೇ ಯವ್ವಾ, ನಸಕಿನ್ಯಾಗ ಇಷ್ಟ ತಣ್ಣಂದು? ಬಾಯಿ ಝುಮ್ ಅಂತೈತಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ನೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ದಾರಿ ತೋರಿಸಿದ್ದು ಅವ್ವ. ಉಳಿದದ್ದನ್ನು ನಾಲಿಗೆಗೆ ಹಚ್ಚಿ ನೋಡಿ, "ಮಸರಿನ ನೀರ ಹುಳಿ ಇದು. ಶ್ರೀಖಂಡಕ್ಕ ಹೆಂಗ ಮಾಡ್ತಿ? ಚಕ್ಕಾ ಕಟ್ಟು" ಅಂದಳು. ಎಷ್ಟು ಸರಳ ಮಾತು! ಯುಗಾದಿಗೆ ಪ್ರತಿ ವರ್ಷ ಕಟ್ಟುವ ಚಕ್ಕಾ ನನಗೆ ನೆನಪಾಗಿರಲಿಲ್ಲ. ಅಣ್ಣನ ಮಗಳು ಪುಣೆಯಲ್ಲಿ ಪುಟ್ಟ ಡಬ್ಬಿಗೆ ಅಷ್ಟೊಂದು ರೊಕ್ಕ ಕೊಟ್ಟು ತರುವ ಗ್ರೀಕ್ ಯೋಗರ್ಟ್ ಕೂಡ ನೀರು ಬಸಿದ ಗಟ್ಟಿ ಮೊಸರೇ.

ಆವತ್ತಿನಿಂದ ಹೀಗೆ ಮಾಡುತ್ತಿದ್ದೇನೆ. ಅರ್ಧ ಲೀಟರ್ ಹಾಲಿಗೆ ಹೆಪ್ಪು ಹಾಕುತ್ತೇನೆ. ಹುಳಿ ಬರುವ ಮುಂಚೆಯೇ, ಈಗಷ್ಟೇ ಹೆಪ್ಪಾದ ಮೊಸರನ್ನು ಮಲ್ ಬಟ್ಟೆಯಲ್ಲಿ ಕಟ್ಟಿ ನಾಲ್ಕು ಗಂಟೆ ತೂಗು ಹಾಕುತ್ತೇನೆ. ಸುಮಾರು 200 ಗ್ರಾಂ ಚಕ್ಕಾ ಸಿಗುತ್ತದೆ, ಎರಡು ದಿನಕ್ಕೆ ಸಾಕು. ಕೆಳಗೆ ಇಳಿದ ನೀರು ಚೆಲ್ಲುವುದಿಲ್ಲ. ಅದರಲ್ಲೂ ಸ್ವಲ್ಪ ಪ್ರೊಟೀನ್ ಹೋಗಿರುತ್ತದೆ. ಚಪಾತಿ ಹಿಟ್ಟು ನಾದಲು ಅದೇ. ಚಪಾತಿ ಬಹಳ ಮೆತ್ತಗೆ ಬರುತ್ತದೆ, ಇದನ್ನು ಯಾರಾದರೂ ಮಾಡಿ ನೋಡಬೇಕು.

ಇನ್ನು ಕೋಕೋ. ಕೋಕೋ ಪುಡಿಯಲ್ಲಿ ಜಿಡ್ಡು ಇನ್ನೂ ಉಳಿದಿರುತ್ತದೆ, ತಣ್ಣನೆಯ ಹಾಲಿನಲ್ಲಿ ಅದು ತೋಯುವುದಿಲ್ಲ. ಬಟ್ಟಲಿನಲ್ಲಿ ಒಂದು ದೊಡ್ಡ ಚಮಚ ಪುಡಿ, ಮೂರು ಚಮಚ ಕುದಿಯುವ ಹಾಲು, ಚಿಟಿಕೆ ಉಪ್ಪು ಹಾಕಿ ನುಣ್ಣಗೆ ತಿಕ್ಕಬೇಕು. ಆಗ ಮನೆಯೆಲ್ಲಾ ಚಾಕಲೇಟ್ ಘಮ. ಸಕ್ಕರೆ ಬೆರೆಸಿದ ಡ್ರಿಂಕಿಂಗ್ ಚಾಕಲೇಟ್ ಬೇಡ, ಅದರಲ್ಲಿ ಕೋಕೋಗಿಂತ ಸಕ್ಕರೆಯೇ ಜಾಸ್ತಿ. ಸಿಕ್ಕರೆ ಡಚ್ ಕೋಕೋ ತನ್ನಿ. ಕ್ಷಾರ ಹಾಕಿ ಹುಳಿ ಮುರಿದಿರುತ್ತಾರೆ, 19ನೇ ಶತಮಾನದಲ್ಲಿ ಹಾಲೆಂಡಿನ ವಾನ್ ಹೌಟೆನ್ ಶುರು ಮಾಡಿದ ಪದ್ಧತಿ ಅದು. ಬಣ್ಣವೂ ಗಾಢ. ಮೊಸರಿನ ಜೊತೆ ಅದೇ ಹೊಂದುತ್ತದೆ.

ಆದರೂ ಏನೋ ಕಡಿಮೆ ಅನ್ನಿಸುತ್ತಿತ್ತು. ಸಿಹಿ ತಿಂಡಿಯ ಆ ಸುಖ ಇರಲಿಲ್ಲ.

ಮೊನ್ನೆ ಶುಕ್ರವಾರ ಖಡೇಬಜಾರಿಗೆ ಹೋದವಳು ಕುಂದಾ ಅಂಗಡಿಯ ಮುಂದೆ ನಿಂತೆ. ಬೆಳಗಾವಿಯಲ್ಲಿ ಹುಟ್ಟಿದವರಿಗೆ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಹಾಲು ಕಾಯಿಸಿ ಕಾಯಿಸಿ, ಮೊಸರು ಹಾಕಿ ಒಡೆಸಿ, ಸಕ್ಕರೆಯ ಜೊತೆ ಕೆಂಪಗಾಗುವವರೆಗೆ ಕೈಯಾಡಿಸಿದ ವಾಸನೆ. ಹೊಳೆದದ್ದು ಅಲ್ಲೇ. ಕುಂದಾದ ರುಚಿ ಇರೋದು ಸಕ್ಕರೆಯಲ್ಲಿ ಮಾತ್ರ ಅಲ್ಲ, ಕೆಂಪಗೆ ಹುರಿದ ಹಾಲಿನಲ್ಲಿ. ಹಾಗಾದರೆ ಹಾಲಿನ ಪುಡಿಯನ್ನೇ ಹುರಿದರೆ?

ಮನೆಗೆ ಬಂದವಳೇ ಕೆನೆ ತೆಗೆದ ಹಾಲಿನ ಪುಡಿಯನ್ನು ದಪ್ಪ ತಳದ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಹುರಿದೆ. ಎಣ್ಣೆ, ತುಪ್ಪ ಏನೂ ಇಲ್ಲ. ಮೂರು ನಾಲ್ಕು ನಿಮಿಷ ಏನೂ ಆಗೋದಿಲ್ಲ. ಆಮೇಲೆ ಒಮ್ಮೆಲೇ ಬಣ್ಣ ತಿರುಗುತ್ತದೆ. ಆಗ ಕಣ್ಣು ಆಚೆ ಈಚೆ ಹೋಗಬಾರದು. ಗೋಧಿ ಬಣ್ಣ ದಾಟಿ ಕುಂದಾ ಬಣ್ಣಕ್ಕೆ ಬಂದ ಕೂಡಲೇ ಬೇರೆ ತಾಟಿಗೆ ಸುರಿಯಬೇಕು, ಬಾಣಲೆಯ ಬಿಸಿಗೇ ಹೊತ್ತುತ್ತದೆ. ಗಂಟು ಕಟ್ಟಿದ್ದನ್ನು ಲಟ್ಟಣಿಗೆಯಿಂದ ಪುಡಿ ಮಾಡಿದೆ. ಅವ್ವ ಹಿತ್ತಲಿನಿಂದ ಒಳಗೆ ಬಂದು, "ಕುಂದಾ ತಂದೀ ಏನು?" ಅಂತ ಕೇಳಿದಳು.

ಒಂದು ಬಾಟ್ಲಿಗೆ ಲೆಕ್ಕ ಹೀಗಿದೆ. ಓಟ್ಸ್ 40 ಗ್ರಾಂ, ಚಕ್ಕಾ 100 ಗ್ರಾಂ, ಕೋಕೋ ತಿಕ್ಕಿದ್ದೂ ಸೇರಿ ಹಾಲು 120 ಮಿಲಿ, ಹುರಿದ ಹಾಲಿನ ಪುಡಿ 15 ಗ್ರಾಂ. ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿದ ಹುರಿದ ಶೇಂಗಾ 20 ಗ್ರಾಂ. ಅಗಸಿ ಪುಡಿ ಒಂದು ಸಣ್ಣ ಚಮಚ. ಇಂಥ ಓಟ್ಸ್‌ಗೆ ಹಾಕುವ ಚಿಯಾ ಬೀಜದ ಬದಲು ಇದು, ಹಿಂಡಿಗೆ ಅಂದರೆ ಚಟ್ನಿಪುಡಿಗೆ ಹುರಿದು ಇಟ್ಟಿದ್ದರಲ್ಲೇ ಖಾರ ಹಾಕುವ ಮುಂಚೆ ತೆಗೆದಿಡುತ್ತೇನೆ. ಸಿಹಿಗೆ ಕಾಕವಿ, ಅಂದರೆ ಜೋನಿ ಬೆಲ್ಲ, ಎರಡು ಚಮಚ. ಬೆಲ್ಲದ ಹರಳು ತಣ್ಣಗಿದ್ದಲ್ಲಿ ಕರಗೋದಿಲ್ಲ, ಕಾಕವಿ ಸಲೀಸಾಗಿ ಬೆರೆಯುತ್ತದೆ. ಏಲಕ್ಕಿ ಒಂದೇ ಒಂದು.

ಪ್ರೊಟೀನ್ ಕೂಡಿಸಿದೆ. ಓಟ್ಸ್‌ನಿಂದ 5, ಚಕ್ಕಾದಿಂದ 7, ಹಾಲಿನಿಂದ 4, ಹಾಲಿನ ಪುಡಿಯಿಂದ 5, ಶೇಂಗಾದಿಂದ 5. ಕೋಕೋ, ಅಗಸಿಯದು ಚೂರು. ಒಟ್ಟು ಸುಮಾರು 27 ಗ್ರಾಂ. ನಾಲ್ಕು ಗ್ರಾಂ ಇದ್ದ ಕಡೆ 27! ಎರಡೆರಡು ಸಲ ಕೂಡಿಸಿ ನೋಡಿದೆ. ಬೇಕರಿಯ ಕೇಕಿನಲ್ಲಿ ಇದು ಸಿಗುತ್ತಾ?

ತಣ್ಣಗಿನ ತೊಂದರೆಗೂ ದಾರಿ ಸಿಕ್ಕಿತು. ಹಾಲು, ಮೊಸರು ಇರೋದರಿಂದ ರಾತ್ರಿ ಫ್ರಿಜ್ಜಿನಲ್ಲಿ ಇಡಲೇಬೇಕು. ಮುಂಜಾನೆ ತೆಗೆದು, ಅಪ್ಪ ಸ್ನಾನ ಮುಗಿಸುವ ತನಕ ಹೊರಗಿಟ್ಟು, ಆಮೇಲೆ ಬೆಚ್ಚನೆಯ ನೀರಿನ ಪಾತ್ರೆಯಲ್ಲಿ ಬಾಟ್ಲಿ ನಿಲ್ಲಿಸುತ್ತೇನೆ. ಕುದಿಯುವ ನೀರು ಅಲ್ಲ, ಗಾಜು ಸೀಳುತ್ತದೆ, ಚಕ್ಕಾನೂ ಒಡೆಯುತ್ತದೆ. ಹತ್ತು ನಿಮಿಷದಲ್ಲಿ ಬಾಯಿಗೆ ಹಿತವಾಗುತ್ತದೆ. ಜನವರಿಯ ಈ ಥಂಡಿಯಲ್ಲಿ ಅಷ್ಟು ಮಾಡಲೇಬೇಕು.

ಇವತ್ತು ಮುಂಜಾನೆ ಮೇಲೆ ಒಂದು ಚಿಕ್ಕ ಚಮಚ ನಿಜವಾದ ಕುಂದಾವನ್ನೂ ಉದುರಿಸಿದ್ದೆ. ರವಿವಾರ ಅಲ್ವಾ. ಅಪ್ಪ ಮೊದಲ ಚಮಚ ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವ್ವನ ಕಡೆ ತಿರುಗಿ, "ನೀ ತಿಂದೀ ಏನಬೇ? ಛಲೋ ಆಗೇತಿ ನೋಡು" ಅಂದರು. ತಮ್ಮದೇ ಚಮಚದಲ್ಲಿ ಅವಳಿಗೆ ಒಂದು ತುತ್ತು ಕೊಟ್ಟರು. ಬೇಡ ಬೇಡ ಅಂತಲೇ ಅವ್ವ ತಿಂದಳು.

ನಾಳೆ ಭೋಗಿ. ಸಂಜೆಯಿಂದ ಅಡುಗೆ ಮನೆಯಲ್ಲಿ ಅದೇ ಗಡಿಬಿಡಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಲ್ಲಾ ಕಾಯಿಪಲ್ಲೆ ಕೂಡಿಸಿದ ಪಲ್ಯ, ಬದನೆಕಾಯಿ ಭರ್ತ. ಸಜ್ಜಿ ರೊಟ್ಟಿ ಅಂದರೆ ಅಪ್ಪನಿಗೆ ಪ್ರಾಣ. ಈ ಸಲ ಕಡಿಯಲು ಆಗೋದಿಲ್ಲ. ಆ ಮಾತು ಹೇಗೆ ಎತ್ತಲಿ ಅಂತ ನಾನು ಮಧ್ಯಾಹ್ನದಿಂದ ಒದ್ದಾಡುತ್ತಿದ್ದೆ. ಎಂಟು ಗಂಟೆಗೆ ಅವರೇ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತರು. ನಾನು ಓಟ್ಸ್ ಅಳೆಯುತ್ತಿದ್ದೆ.

"ನಾಳೆ ನನ್ನ ಬಾಟ್ಲಿಗೂ ಎಳ್ಳ ಹಚ್ಚಬೇ ಯವ್ವಾ."

ಎಳ್ಳು ಹುರಿದು ನುಣ್ಣಗೆ ಪುಡಿ ಮಾಡಿ ಇಟ್ಟಿದ್ದೇನೆ, ವಸಡಿಗೆ ಚುಚ್ಚಬಾರದಲ್ಲ. ಬಾಟ್ಲಿ ಫ್ರಿಜ್ಜಿನಲ್ಲಿದೆ.